ಜೂನ್ ಒಂದರಂದು ಹುಟ್ಟಿದವರು

ನನ್ನ ಬೇಕರಿಯ ಬೋರ್ಡಿನ ಮೇಲೆ ‘ಅಯ್ಯಂಗಾರ್’ ಅಂತ ಇಲ್ಲ. ನಾನು ಅಯ್ಯಂಗಾರನೂ ಅಲ್ಲ, ಹಾಸನದವನೂ ಅಲ್ಲ. ಹೊಸಬರು ಬೋರ್ಡು ನೋಡಿ ಅನುಮಾನದಿಂದಲೇ ಪಫ್ಸ್ ಕೇಳುತ್ತಾರೆ, ತಿಂದ ಮೇಲೆ ಇನ್ನೊಂದು ಕೇಳುತ್ತಾರೆ. ಜಯಲಕ್ಷ್ಮಿಪುರಂನ ಸೌಮ್ಯಶ್ರೀ ಬೇಕರಿ ಅಂದರೆ ಅದು ನನ್ನದು. ಹೆಸರು ಮಗಳದು, ಬೆವರು ನನ್ನದು. ನಾನು ವಿಜಯ್‌ಕುಮಾರ್. ನನ್ನ ಪರಿಚಯ ಇಷ್ಟು ಸಾಕು. ಹೇಳಬೇಕಾಗಿರುವುದು ಪವಿತ್ರಳ ವಿಷಯ.

ಪವಿತ್ರ ನಮ್ಮಲ್ಲಿ ಕೇಕಿನ ಮೇಲೆ ಹೆಸರು ಬರೆಯುವ ಹುಡುಗಿ. ಬೆಳಗ್ಗೆ ಹತ್ತಿರದ ಕಾಲೇಜಿನಲ್ಲಿ ಬಿ.ಬಿ.ಎ., ಮಧ್ಯಾಹ್ನದ ಮೇಲೆ ನಮ್ಮ ಅಂಗಡಿ, ಸಂಜೆ ಬಸ್ಸು ಹತ್ತಿ ವಿದ್ಯಾರಣ್ಯಪುರಂ. ಅಲ್ಲಿ ಅವಳ ತಾಯಿಯ ಅಕ್ಕ ಭಾಗ್ಯಮ್ಮನ ಮನೆ. ಸಾಕಿ ಬೆಳೆಸಿದ್ದು ಆ ದೊಡ್ಡಮ್ಮನೇ. ಕ್ರೀಮಿನ ಕೋನ್ ಹಿಡಿದರೆ ಪವಿತ್ರಳ ಅಕ್ಷರ ಮುತ್ತು ಪೋಣಿಸಿದ ಹಾಗೆ. ‘ಜ್ಯೋತ್ಸ್ನಾ’ ಎಂಬ ಹೆಸರನ್ನು ಒತ್ತಕ್ಷರ ಕೆಡದಂತೆ ಕೇಕಿನ ಮೇಲೆ ಬರೆದದ್ದು ನಮ್ಮ ರಸ್ತೆಯಲ್ಲಿ ಅವಳೊಬ್ಬಳೇ.

ಅವಳಲ್ಲಿ ಒಂದು ಕೆಟ್ಟ ಅಭ್ಯಾಸವಿತ್ತು. ಕೇಕ್ ಹೇಳಲು ಬಂದ ತಾಯಂದಿರನ್ನು ಮಾತಿಗೆಳೆಯುತ್ತಿದ್ದಳು. “ಪಾಪು ಎಷ್ಟೊತ್ತಿಗೆ ಹುಟ್ಟಿದ್ದು ಆಂಟಿ? ಆವತ್ತು ಮಳೆ ಇತ್ತಾ? ಮೊದಲು ಎತ್ತಿಕೊಂಡೋರು ಯಾರು?” ಇಂಥ ಪ್ರಶ್ನೆ ಕೇಳಿದರೆ ಯಾವ ತಾಯಿ ಸುಮ್ಮನಿರುತ್ತಾಳೆ? ಹೆರಿಗೆ ನೋವು ಶುರುವಾದದ್ದರಿಂದ ಹಿಡಿದು ಆಟೋದವನು ದಾರಿ ತಪ್ಪಿದ್ದರವರೆಗೆ ಪೂರ್ತಿ ಪುರಾಣ. ಹಿಂದೆ ನಿಂತ ಗಿರಾಕಿ ಬ್ರೆಡ್ಡಿಗಾಗಿ ಬಾಯಿ ಬಡಿದುಕೊಳ್ಳುತ್ತಿದ್ದ. ನಾನು ಗದರಿದರೆ ಪವಿತ್ರ ತಲೆ ತಗ್ಗಿಸುತ್ತಿದ್ದಳು, ಮರುದಿನ ಮತ್ತೆ ಅದೇ ರಾಗ.

ಅವಳ ಹುಟ್ಟುಹಬ್ಬ ಜೂನ್ ಒಂದು ಎಂದು ಆಧಾರ್ ಕಾರ್ಡಿನಲ್ಲಿ ನೋಡಿದ್ದೆ. ಸೇರಿದ ಮೊದಲ ವರ್ಷ ಅವಳ ಹೆಸರು ಬರೆಸಿ ಒಂದು ಕೇಕ್ ಇಟ್ಟೆ. ಕತ್ತರಿಸಿ ಎಲ್ಲರಿಗೂ ಹಂಚಿದಳು, ತಾನು ತಿನ್ನಲಿಲ್ಲ. “ಇದು ಹೆಡ್‌ಮೇಷ್ಟ್ರು ಕೊಟ್ಟ ಹುಟ್ಟುಹಬ್ಬ ಅಂಕಲ್, ನಂದಲ್ಲ” ಅಂದಳು. ಆಮೇಲೆ ಸ್ವಲ್ಪ ಸ್ವಲ್ಪವಾಗಿ ಕಥೆ ಹೊರಗೆ ಬಂತು.

ಅವಳ ತಾಯಿ ಮನೆಯವರ ಮಾತು ಮೀರಿ ಬಸವರಾಜು ಎಂಬುವನನ್ನು ಮದುವೆಯಾಗಿ ಕೊಡಗಿನ ಕಾಫಿ ತೋಟವೊಂದಕ್ಕೆ ಕೂಲಿಗೆ ಹೋದವಳು. ತವರಿನವರು ಹೋಗಲಿಲ್ಲ, ಬರಲಿಲ್ಲ. ಪವಿತ್ರ ಹುಟ್ಟಿದ್ದು ಆ ತೋಟದ ಕೂಲಿಯವರ ಲೈನ್ ಮನೆಯಲ್ಲಿ. ಮಗು ಹೆಜ್ಜೆ ಇಡುವ ಮೊದಲೇ ತಾಯಿ ಜ್ವರದಲ್ಲಿ ಹೋದಳು. ಬಸವರಾಜು ಮಗುವನ್ನು ಎತ್ತಿಕೊಂಡು ಬಂದು ಭಾಗ್ಯಮ್ಮನ ಬಾಗಿಲಲ್ಲಿ ಇಳಿಸಿ ಹೋದ. ಮುಂದೆ ಇನ್ನೊಂದು ಮದುವೆಯಾದ ಎಂಬ ಸುದ್ದಿ ಬಂತು, ಅವನು ಬರಲಿಲ್ಲ. ಭಾಗ್ಯಮ್ಮನಿಗೆ ಆ ಸಿಟ್ಟು ಇಳಿಯಲೇ ಇಲ್ಲ. ಮಗು ಯಾವಾಗ ಹುಟ್ಟಿದ್ದು ಎಂದು ಅವನನ್ನು ಕೇಳುವುದಕ್ಕೂ ಆಕೆಗೆ ಹಟ. ಶಾಲೆಗೆ ಸೇರಿಸುವಾಗ ಹೆಡ್‌ಮೇಷ್ಟ್ರು ತಾರೀಕು ಕೇಳಿದರು, ಭಾಗ್ಯಮ್ಮ ಗೊತ್ತಿಲ್ಲ ಅಂದರು, ಅವರು ಜೂನ್ ಒಂದು ಎಂದು ಬರೆದುಕೊಂಡರು. ನಮ್ಮ ಕಡೆ ಶಾಲೆ ಬಾಗಿಲು ತೆರೆಯುವ ಕಾಲಕ್ಕೆ ಸರಿಯಾಗಿ ವಯಸ್ಸಿನ ಲೆಕ್ಕ ಕೂರಿಸಲು ಇದು ಹಳೆಯ ಉಪಾಯ.

ತಾನು ಹುಟ್ಟಿದ ದಿನ ಯಾವುದು ಎಂದು ತಿಳಿಯಬೇಕು, ಆ ಹುಡುಗಿಗೆ ಇದ್ದ ಆಸೆ ಅದೊಂದೇ. ಅದು ಗೊತ್ತಿದ್ದ ಜೀವ ಭೂಮಿಯ ಮೇಲೆ ಒಂದೇ ಉಳಿದಿತ್ತು, ಅಪ್ಪ ಬಸವರಾಜು. ಸ್ಕಾಲರ್‌ಷಿಪ್ಪಿಗೆ ಅಪ್ಪನ ಆಧಾರ್ ಬೇಕೆಂದಾಗ ಅವನ ಊರಿನ ನಂಜಯ್ಯ ಎಂಬುವರು ಅದರ ಪ್ರತಿಯನ್ನೂ ಫೋನ್ ನಂಬರನ್ನೂ ತಂದುಕೊಟ್ಟಿದ್ದರು. ಆ ಆಧಾರ್‌ನಲ್ಲೂ ಜೂನ್ ಒಂದು! “ಅಪ್ಪನಿಂದ ನಂಗೆ ಬಂದಿರೋ ಪಿತ್ರಾರ್ಜಿತ ಅಂದ್ರೆ ಇದೊಂದೇ ನೋಡಿ” ಎಂದು ನಗುತ್ತಿದ್ದಳು.

“ನಂಬರ್ ಇದೆಯಲ್ಲ, ಕೇಳಿಬಿಡು” ಅಂದೆ ಒಂದು ಸಲ.

“ದೊಡ್ಡಮ್ಮಂಗೆ ಗೊತ್ತಾದ್ರೆ ಮನೆ ಮೆಟ್ಟಿಲು ಹತ್ತಿಸಲ್ಲ. ಅದಿರಲಿ ಅಂಕಲ್, ನಾನು ಕೇಳಿ, ಅವ್ರು ‘ಜ್ಞಾಪಕ ಇಲ್ಲ’ ಅಂದ್ಬುಟ್ರೆ?” ಅಂದಳು.

ಮರೆತಿದ್ದಾನೋ ಇಲ್ಲವೋ ಎಂಬ ಅನುಮಾನದಲ್ಲಾದರೂ ಆಸೆ ಉಳಿದಿರುತ್ತದೆ. ಕೇಳಿದರೆ ಅದೂ ಹೋಗಬಹುದು. ಹಾಗಾಗಿ ಅವಳು ಊರವರ ಮಕ್ಕಳು ಹುಟ್ಟಿದ ಕಥೆ ಕೇಳಿಕೊಂಡು, ಊರವರ ಮಕ್ಕಳ ಹೆಸರು ಬರೆದುಕೊಂಡು ಇದ್ದಳು.

ಇನ್ನು ಅವಳ ಓದು. ಬಿ.ಬಿ.ಎ. ಅಂದರೆ ವ್ಯಾಪಾರದ ಓದು, ಲಾಭ ನಷ್ಟ ಕಲಿಸುತ್ತಾರೆ ಎಂದುಕೊಂಡಿದ್ದೆ. ಇವಳು ಅದರಲ್ಲಿ ಇನ್ಫರ್ಮೇಷನ್ ಸಿಸ್ಟಮ್ಸ್ ಎಂಬ ವಿಷಯ ಹಿಡಿದಿದ್ದಳು. ವ್ಯಾಪಾರ ಓದುವವಳಿಗೆ ಕಂಪ್ಯೂಟರ್ ಯಾಕೆ ಎಂದು ರೇಗಿಸಿದೆ. ಮೈದಾ ಚೀಲಕ್ಕೆ ಕೈ ತೋರಿಸಿದಳು. “ಅದು ಡೇಟಾ. ತಟ್ಟೇಲಿರೋ ಬನ್ನು ಇನ್ಫರ್ಮೇಷನ್. ಮಧ್ಯದಲ್ಲಿ ಓವನ್, ಅದನ್ನ ನೋಡ್ಕೊಳ್ಳೋ ಭಟ್ಟರು, ನೀವು, ನಿಮ್ಮ ಬೈಗುಳ, ಎಲ್ಲ ಸೇರಿ ಸಿಸ್ಟಮ್.” ಮೂರು ವರ್ಷ ಓದಿ ಇಷ್ಟೇ ಕಲಿಯುವುದಾದರೆ ಫೀಸು ದಂಡ ಅಂದೆ. ಆದರೆ ಮಾತು ತಲೆಯಲ್ಲಿ ಉಳಿಯಿತು, ಸುಳ್ಳೇಕೆ ಹೇಳಲಿ.

ಕೊನೆಯ ವರ್ಷ ಪ್ರಾಜೆಕ್ಟ್ ಬಂತು. ಒಂದು ನಿಜವಾದ ಅಂಗಡಿಗೆ ನಿಜವಾಗಿ ಕೆಲಸ ಮಾಡುವ ಸಿಸ್ಟಮ್ ಕಟ್ಟಬೇಕು, ಬರೀ ಕಾಗದದ ಮೇಲೆ ತೋರಿಸಿದರೆ ಪಾಸ್ ಇಲ್ಲ ಎಂದು ಅವರ ನಯನಾ ಮೇಡಂ ಕಡ್ಡಿ ತುಂಡು ಮಾಡಿದಂತೆ ಹೇಳಿದ್ದರಂತೆ. ಕುರಿ ಹುಡುಕಿಕೊಂಡು ಬೇರೆಲ್ಲಿಗೆ ಹೋಗುತ್ತಾಳೆ? ನಾನೇ ಸಿಕ್ಕಿದೆ. ಗಿರಾಕಿಗಳ ಹೆಸರು, ಫೋನ್ ನಂಬರ್, ಹುಟ್ಟಿದ ದಿನ, ಮನೆಯವರ ವಿವರ ತುಂಬಿಕೊಳ್ಳುವುದು. ಹುಟ್ಟುಹಬ್ಬದ ಬೆಳಗ್ಗೆ ಅಂಗಡಿಯ ಹೆಸರಿನಲ್ಲಿ ಶುಭಾಶಯದ ಮೆಸೇಜ್ ತಾನಾಗಿಯೇ ಹೋಗುವುದು. ಆ ಮೆಸೇಜ್ ತೋರಿಸಿದವರಿಗೆ ಒಂದು ಕಪ್ ಕೇಕ್ ಉಚಿತ. ದಿನಕ್ಕೆ ಒಬ್ಬರೋ ಇಬ್ಬರೋ ಬಂದಾರು, ಬಂದವರು ಕಾಲು ಕೆಜಿ ಖಾರವನ್ನಾದರೂ ಕೊಂಡುಹೋಗುತ್ತಾರೆ ಎಂದು ನಾನೂ ಒಪ್ಪಿದೆ.

ನೂರಾರು ಜನರ ವಿವರ ಅವಳೇ ಕೂತು ತುಂಬಿಸಿದಳು. ಬೆಳಗ್ಗೆ ವಾಕಿಂಗ್ ಮುಗಿಸಿ ಬರುವ ನಿವೃತ್ತರು, ಆಟೋದವರು, ಹೂವಿನವರು, ಕಾಲೇಜಿನ ಮಕ್ಕಳು, ಯಾರನ್ನೂ ಬಿಡಲಿಲ್ಲ. ನಾನು ಪಕ್ಕದಲ್ಲಿ ನಿಂತು ತಲೆ ತಿನ್ನುತ್ತಿದ್ದೆ.

“ಹುಟ್ಟಿದ ದಿನ ಗೊತ್ತಿಲ್ಲ ಅಂದೋರ್ದು ಖಾಲಿ ಬಿಡು.”

“ಬಿಟ್ರೆ ಸೇವ್ ಆಗಲ್ಲ ಅಂಕಲ್. ಏನಾದ್ರೂ ಹಾಕಲೇಬೇಕು.”

“ಸುಳ್ಳಾದ್ರೂ ಪರವಾಗಿಲ್ವಾ?”

“ಅದಕ್ಕೆ ಸುಳ್ಳು ನಿಜ ಗೊತ್ತಾಗಲ್ಲ. ಖಾಲಿ ಇದ್ರೆ ಮಾತ್ರ ಗೊತ್ತಾಗುತ್ತೆ.”

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿ ಈ ಕಂಪ್ಯೂಟರ್ ಎಂದು ನನಗೆ ಆವತ್ತೇ ಖಾತ್ರಿಯಾಯಿತು. ಮೇ ಕೊನೆಗೆ ಸಿಸ್ಟಮ್ ಚಾಲೂ ಆಯಿತು. ನಾಲ್ಕಾರು ದಿನ ಒಬ್ಬರು ಇಬ್ಬರು ಬಂದು ಕೇಕ್ ತಿಂದು ಹೋದರು. ಪವಿತ್ರಳ ಮುಖದಲ್ಲಿ ಕಳೆ ಬಂತು.

ಆಮೇಲೆ ಜೂನ್ ಒಂದು ಬಂತು.

ನಾನು ಶಟರ್ ಎತ್ತುವಾಗಲೇ ಹೊರಗೆ ಜನ. ನ್ಯಾಯಬೆಲೆ ಅಂಗಡಿಯ ಮುಂದೆ ನಿಂತ ಹಾಗೆ ಸಾಲು. ಎಲ್ಲರ ಕೈಯಲ್ಲೂ ಫೋನು, ಎಲ್ಲರ ಫೋನಿನಲ್ಲೂ ನನ್ನ ಅಂಗಡಿಯ ಶುಭಾಶಯ. ನಮ್ಮ ಭಾಗದ ಹಳ್ಳಿಗಳಿಂದ ಬಂದು ಮೈಸೂರಿನಲ್ಲಿ ತಲೆ ಹಣ್ಣಾದವರೆಲ್ಲ ಒಂದೇ ದಿನ ಹುಟ್ಟಿದ್ದರು! ಆಟೋ ಸಿದ್ದಪ್ಪಾಜಿ ಸಾಲಿನ ಉದ್ದಕ್ಕೂ ಕಣ್ಣಾಡಿಸಿ, “ಏನ್ರಪ್ಪಾ, ನಮ್ಮವ್ವಂದಿರೆಲ್ಲ ಒಂದೇ ದಿನ ಮಾತಾಡ್ಕಂಡು ಎತ್ತವ್ರಲ್ಲ!” ಅಂದ. ಸಾಲೆಲ್ಲ ಗೊಳ್ಳೆಂದಿತು. ನಿವೃತ್ತ ಹೆಡ್‌ಮೇಷ್ಟ್ರು ಚಾಮಯ್ಯನವರೂ ಅದರಲ್ಲೇ ಇದ್ದರು. “ಇವರಲ್ಲಿ ಎಷ್ಟೋ ಜನಕ್ಕೆ ನಾನೇ ಬರೆದಿರೋದು ಕಣ್ರೀ. ನಂಗೆ ನಮ್ಮ ಮೇಷ್ಟ್ರು ಬರೆದಿದ್ರು” ಎಂದು ಎರಡನೇ ಕೇಕಿಗೆ ಕೈ ನೀಡಿದರು. ಮಾಡಿಟ್ಟಿದ್ದ ಕಪ್ ಕೇಕ್ ಮುಗಿದು, ದಿಲ್ ಪಸಂದ್ ಕತ್ತರಿಸಿ ಕೊಟ್ಟು, ಅದೂ ಮುಗಿದು, ಕೊನೆಗೆ ಬಂದವರಿಗೆ ಬೆಣ್ಣೆ ಬಿಸ್ಕತ್ತು ಕೊಟ್ಟು ಕೈ ಮುಗಿದೆ.

ಕಾಲೇಜು ಮುಗಿಸಿ ಬಂದ ಪವಿತ್ರಳಿಗೆ ಸಹಸ್ರನಾಮ ಮಾಡಿದೆ. “ಜೂನ್ ಒಂದರ ಮಹಿಮೆ ನಿನಗೇ ಗೊತ್ತಿರಲಿಲ್ವೇನಮ್ಮ?”

“ನಂಗೂ ಅಪ್ಪಂಗೂ ಮಾತ್ರ ಹಣೆಬರಹ ಅಂದ್ಕೊಂಡಿದ್ದೆ ಅಂಕಲ್. ದಿನಾ ಒಂದಿಷ್ಟು ಹೆಸರು ತುಂಬ್ತಾ, ಇಷ್ಟು ಜನ ಅಂತ ಲೆಕ್ಕಕ್ಕೇ ಬರ್ಲಿಲ್ಲ” ಅಂದಳು. ಕಣ್ಣು ತುಂಬಿತ್ತು. ಪ್ರಾಜೆಕ್ಟ್ ಹಾಳಾಯಿತು ಎಂಬ ಅಳುವೋ ಇನ್ನೇನೋ, ನನಗೆ ತಿಳಿಯಲಿಲ್ಲ. ನನ್ನ ಸಿಟ್ಟು ಅಲ್ಲಿಗೇ ಇಳಿಯಿತು. ಒಂದು ಬನ್ನು ಕೊಟ್ಟು ಕೂರಿಸಿದೆ.

ಮಧ್ಯಾಹ್ನ ಬಿಸಿಲಿಗೆ ರಸ್ತೆ ಖಾಲಿಯಾಗಿತ್ತು. ಆಗ ಅಂಗಡಿಯ ಫೋನ್ ಬಂತು. ನನ್ನ ಕೈಯೆಲ್ಲ ಹಿಟ್ಟು, ಪವಿತ್ರ ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟಳು.

“ಅಲೋ, ಯಾರವ್ವಾ ಮಾತಾಡದು? ನನ್ ಫೋನಿಗೆ ಏನೋ ಬಂದದೆ. ಉಟ್ಟಿದಬ್ಬ ಅಂತ. ಮಗ ಓದಿ ಏಳ್ದ.”

ಬೆಳಗ್ಗೆಯಿಂದ ಇಂಥ ಹತ್ತಾರು ಫೋನ್ ಆಗಿತ್ತು. “ಹೌದು ಸಾರ್, ಸೌಮ್ಯಶ್ರೀ ಬೇಕರಿ, ಮೈಸೂರು. ನಿಮ್ಮ ಹೆಸರು?” ಅಂದಳು.

“ಬಸವರಾಜು. ನಾವಿಲ್ಲಿ ಕೊಡಗಲ್ಲಿ ತೋಟದಲ್ಲಿರೋರು. ಮೈಸೂರು ಬೇಕ್ರಿಯೋರ್ಗೆ ನನ್ ನಂಬರೆಂಗ್ ಸಿಕ್ತು?”

ಅವಳ ಮುಖದ ಬಣ್ಣ ಇಳಿಯಿತು. ನಾನು ಹುಬ್ಬು ಹಾರಿಸಿದೆ. ಫೋನಿಗೆ ಕೈ ಅಡ್ಡ ಹಿಡಿದು ಪಿಸುಗುಟ್ಟಿದಳು, “ಟೆಸ್ಟ್ ಮಾಡೋಕೆ ಅಂತ ಅಪ್ಪನ ನಂಬರ್ ಹಾಕಿದ್ದೆ ಅಂಕಲ್. ತೆಗೆಯೋದು ಮರೆತುಹೋಯ್ತು.” ಮರೆತಳು ಎಂದು ನಾನು ಇವತ್ತಿಗೂ ನಂಬಿಲ್ಲ.

“ತಪ್ಪಾಯ್ತಾ ಸಾರ್, ನಿಮಗೆ ಕಳಿಸಿದ್ದು?” ಎಂದು ಫೋನಿಗೆ ಕೇಳಿದಳು.

“ಇಲ್ಲ ಇಲ್ಲ, ಅಂಗಲ್ಲ. ನಂಗ್ಯಾರೂ ಯಾವತ್ತೂ ಇಂಗ್ ಕಳ್ಸಿಲ್ಲ ಕಣವ್ವ. ಅದ್ಕೆ ಮಾಡ್ದೆ. ಒಳ್ಳೇದಾಗ್ಲಿ ನಿಮ್ಗೆ.”

ಇಲ್ಲಿಗೆ ಮುಗಿಸಿ ಅವನು ಫೋನ್ ಇಡುವುದರಲ್ಲಿದ್ದ. ಪವಿತ್ರ ಮೇಜಿನ ತುದಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಆಮೇಲೆ ಕಂಪ್ಯೂಟರ್ ಕಡೆ ತಿರುಗಿ, ಬೇಕರಿಯ ಹುಡುಗಿಯ ದನಿಯಲ್ಲೇ, “ಒಂದ್ನಿಮಿಷ ಸಾರ್. ನಿಮ್ಮ ಮನೆಯವರ ವಿವರ ಹೇಳಿದ್ರೆ ಅವರ ಹುಟ್ಟುಹಬ್ಬಕ್ಕೂ ಕಳಿಸ್ತೀವಿ” ಅಂದಳು.

ನಾನು ಹಿಟ್ಟಿನ ಕೈಯಲ್ಲೇ ನಿಂತುಬಿಟ್ಟೆ.

“ಅಂಗಾ? ಬರ್ಕೊಳ್ಳಿ ಅಂಗಾರೆ. ಎಂಡ್ತಿ ಮಾದೇವಮ್ಮ. ಅವ್ಳದೂ ಇದೇ ಜೂನ್ ಒಂದೇ ಇರ್ಬೇಕು ಅನ್ನಿ. ಮಗ ಲೋಕೇಶ. ಅವ್ನದು ಡಿಸೆಂಬರ್ ಅತ್ತು, ಆಸ್ಪತ್ರೇಲ್ ಬರ್ಕೊಟ್ಟವ್ರೆ.”

ಅವಳು ಟೈಪ್ ಮಾಡಿಕೊಂಡಳು. “ಇನ್ಯಾರಾದ್ರೂ ಇದ್ದಾರಾ ಸಾರ್?”

ಆ ಕಡೆ ಎಲ್ಲೋ ಕೋಳಿ ಕೂಗಿತು, ಯಾರೋ ಬಕೆಟ್ ಇಟ್ಟ ಸದ್ದು. ಅವನು ಫೋನ್ ಹಿಡಿದು ಮನೆಯಿಂದ ಆಚೆ ನಡೆಯುತ್ತಿದ್ದ ಅಂತ ಕಾಣುತ್ತದೆ, ಆ ಸದ್ದುಗಳು ದೂರವಾದವು. ‘ಅಷ್ಟೇ ಕಣವ್ವ’ ಎಂದು ಅವನು ಅಂದುಬಿಟ್ಟರೆ ಇವಳನ್ನು ಹೇಗೆ ಸಮಾಧಾನ ಮಾಡಲಿ ಎಂದು ನಾನು ಯೋಚಿಸುತ್ತಿದ್ದೆ. ನನಗೆ ಅವನ ಮೇಲೆ ಕೆಟ್ಟ ಕೋಪ ಬಂದಿತ್ತು.

“ಇನ್ನೊಬ್ಳವ್ಳೆ” ಅಂದ, ದನಿ ತಗ್ಗಿಸಿ. “ಪವಿತ್ರ ಅಂತ. ಅದು ಇಸ್ಕೂಲ್ ಎಸ್ರು. ನಾನು ಕೂಗ್ತಿದ್ದುದು ಕೆಂಚಮ್ಮ ಅಂತ.”

“ಅವರು ನಿಮಗೇನಾಗ್ಬೇಕು ಸಾರ್?”

“ಮಗಳು ಕಣವ್ವ. ದೊಡ್ಡೋಳು.”

ಪವಿತ್ರಳ ಕಣ್ಣೀರು ಕೀಬೋರ್ಡಿನ ಮೇಲೆ ಬೀಳುತ್ತಿತ್ತು, ಒರೆಸಿಕೊಳ್ಳಲಿಲ್ಲ. “ಹುಟ್ಟಿದ ದಿನ?”

“ತಾರೀಕು ಗೊತ್ತಿಲ್ಲ ತಾಯಿ. ಆದ್ರೆ ದಿನ ಚೆಂದಾಗ್ ಗೊತ್ತದೆ. ಮಾರ್ಲಾಮಿ ಅಬ್ಬ.”

ಮಾರ್ಲಾಮಿ ಅಂದರೆ ನಮ್ಮ ಕಡೆ ತೀರಿಕೊಂಡ ಹಿರಿಯರಿಗೆ ಎಡೆ ಇಡುವ ಹಬ್ಬ, ದಸರೆಗೆ ಮುಂಚಿನ ಅಮಾವಾಸ್ಯೆ. ಸತ್ತವರು ಇಷ್ಟಪಟ್ಟದ್ದನ್ನೆಲ್ಲ ಮಾಡಿ, ಎಲೆ ಹಾಕಿ ಬಡಿಸಿ, ಬಾಗಿಲು ಮುಂದಕ್ಕೆ ಮಾಡಿ, ಅವರು ಬಂದು ಉಂಡು ಹೋಗಲಿ ಎಂದು ಹೊರಗೆ ಕಾಯುತ್ತೇವೆ.

“ನಮ್ಮವ್ವ ಓಗಿದ್ಲು ಆ ವರ್ಸ” ಎಂದು ಅವನು ಹೇಳುತ್ತಾ ಹೋದ. ಕೇಳುವವರು ಸಿಕ್ಕಿದ್ದೇ ಸಾಕು ಎನ್ನುವ ಹಾಗೆ. “ಕೆಂಚಮ್ಮ ಅಂತ ಅವ್ಳೆಸ್ರು. ಅವ್ಳಿಗೆ ಅಂತ ಎಡೆ ಇಟ್ಟು ಕದ ಮುಂದಕ್ ಮಾಡಿದ್ವಿ. ಇನ್ನೂ ಎಡೆ ಎತ್ತಿರ್ಲಿಲ್ಲ, ಪಕ್ಕದ್ ಮನೇಲಿ ನನ್ ಎಂಡ್ತಿಗೆ ಎರಿಗೆ ಆಗೋಯ್ತು. ಕೂಸು ಕಿರುಚ್ಕಂತು. ನಮ್ಮವ್ವ ಉಣ್ಣಕ್ಕೆ ಬಂದೋಳು ಇಲ್ಲೇ ಉಳ್ಕಂಡ್ಳು ಅಂದ್ಕಂಡೆ ನಾನು.”

“ಮಳೆ ಇತ್ತಾ ಸಾರ್?”

ಅಂಗಡಿಯವರು ಇಂಥದ್ದನ್ನು ಕೇಳುತ್ತಾರೆಯೇ? ಅವನಿಗೆ ಅದು ಹೊಳೆಯಲಿಲ್ಲ.

“ಜಿನುಗ್ತಿತ್ತು. ಸಂಜೆ ವೊತ್ತು. ನಾನೇ ಮೊದ್ಲು ಎತ್ಕಂಡಿದ್ದು, ಕಂಬ್ಳಿಲಿ ಸುತ್ತಿ. ಇಷ್ಟೇ ಇದ್ಲು, ಬೆಕ್ಕಿನ್ ಮರಿಯಂಗೆ.”

ಕಂಪ್ಯೂಟರಿನಲ್ಲಿ ಇದನ್ನೆಲ್ಲ ತುಂಬಲು ಜಾಗ ಇರಲಿಲ್ಲ. ಹುಟ್ಟಿದ ದಿನದ ಚೌಕದಲ್ಲಿ ಅವಳು ಏನೂ ಬರೆದಿರಲಿಲ್ಲ, ಬೆರಳು ನಿಂತುಹೋಗಿತ್ತು. ನಾನು ಕೈ ಸನ್ನೆಯಲ್ಲಿ ‘ಹೇಳು, ಹೇಳು’ ಅಂದೆ. ತಲೆ ಅಲ್ಲಾಡಿಸಿದಳು. ಬೇಡ ಎಂದೋ, ಆಗುತ್ತಿಲ್ಲ ಎಂದೋ.

“ಅವರ ಫೋನ್ ನಂಬರ್ ಹೇಳಿ ಸಾರ್. ಮೆಸೇಜ್ ಅವರಿಗೇ ಹೋಗುತ್ತೆ.”

“ನನ್ತಾವಿಲ್ಲ ತಾಯಿ. ಅವ್ರ ದೊಡ್ಡವ್ವ ಸಾಕ್ತಾವ್ಳೆ, ಚೆಂದಾಗ್ ಸಾಕ್ತಾವ್ಳೆ ಅಂತ ಕೇಳೀನಿ. ಬುಟ್ಟು ಬಂದೋನು ಯಾವ್ ಮಖ ಇಟ್ಕಂಡು ನಂಬರ್ ಕೇಳ್ಲಿ? ಒಂದ್ ಕೆಲ್ಸ ಮಾಡಿ. ಅವ್ಳ ಮೆಸೇಜು ನನ್ ನಂಬರ್ಗೇ ಕಳ್ಸಿ. ಅವ್ಳೆಸ್ರು ಇರ್ಲಿ ಅದ್ರಲ್ಲಿ. ನಾನ್ ನೋಡ್ಕತೀನಿ.”

“ಆಯ್ತು ಸಾರ್.”

“ಮರೀಬ್ಯಾಡಿ ಕಣವ್ವ. ಮಾರ್ಲಾಮಿ ದಿನ. ಇಡ್ತೀನಿ.”

“ಅಪ್ಪಾ” ಅಂದಳು ಪವಿತ್ರ.

ಆ ಕಡೆ ಅಷ್ಟರಲ್ಲಿ ಫೋನ್ ಇಟ್ಟಾಗಿತ್ತು.

“ತಿರುಗಿ ಮಾಡು” ಅಂದೆ. ಗದರಿದ ಹಾಗೆ ಕೇಳಿಸಿರಬೇಕು.

“ಏನಂತ ಮಾಡ್ಲಿ ಅಂಕಲ್? ಬೇಕರಿಯವಳು ಅಂತಾನಾ, ಮಗಳು ಅಂತಾನಾ?”

ಅವಳು ತಾನಾಗಿ ಒತ್ತುವುದಿಲ್ಲ ಎಂಬುದು ತಿಳಿಯಿತು. ನಾನೇ ಹಿಟ್ಟಿನ ಬೆರಳಲ್ಲಿ ಆ ನಂಬರ್ ಒತ್ತಿದೆ. ಸ್ಪೀಕರ್ ಆರಿಸಿ, ರಿಂಗ್ ಆಗುತ್ತಿದ್ದ ಫೋನನ್ನು ಅವಳ ಕೈಗಿಟ್ಟು, ಶಟರ್ ಅರ್ಧ ಇಳಿಸಿ ಹೊರಗೆ ಬಂದೆ. ಬ್ರೆಡ್ ಕೇಳಿಕೊಂಡು ಬಂದ ಒಬ್ಬರಿಗೆ, “ಆಮೇಲೆ ಬನ್ನಿ ಸಾರ್, ಒಳಗೆ ಒಂದು ಮಗು ಅವರಪ್ಪನ ಜೊತೆ ಮಾತಾಡ್ತಾ ಇದೆ” ಅಂದೆ.